ಬೆಳಗಿನ ಏಳು ಮಾತ್ರೆ

ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕೆಲಸ ಮಾಡುವವರಿಗೆ ಗೊತ್ತು, ತೇಗು ಬಂದರೆ ಅದು ಎಲ್ಲಿಗೂ ಹೋಗುವುದಿಲ್ಲ. ಬಾಯಿಂದ ಹೊರಟು ಬಟ್ಟೆಗೆ ಬಡಿದು ತಿರುಗಿ ಮೂಗಿಗೇ ಬರುತ್ತದೆ. ಬೆಳಿಗ್ಗೆ ಹತ್ತೂವರೆಗೆ, ಅಲಾರಂ ಇಟ್ಟ ಹಾಗೆ, ಕಡ್ಡಿಗೆ ಆ ತೇಗು ಬರುತ್ತಿತ್ತು. ಮೊದಲು ಮೀನೆಣ್ಣೆ ಮಾತ್ರೆಯ ವಾಸನೆ, ಬಿಸಿಲಲ್ಲಿ ಮೂರು ದಿನ ಮರೆತುಬಿಟ್ಟ ಮೀನಿನ ಬುಟ್ಟಿಯಂಥದ್ದು. ಅದರ ಬೆನ್ನಿಗೇ ಒದ್ದೆ ಗೋಣಿಚೀಲದ ವಾಸನೆ. ಅದು ದಪ್ಪ ಹಳದಿ ಮಾತ್ರೆಯದು. ಕೈಯಲ್ಲಿದ್ದ ಉಜ್ಜುವ ಯಂತ್ರ ನಿಲ್ಲಿಸಿ, ಕಣ್ಣು ಮುಚ್ಚಿ, ಹೊಟ್ಟೆಯೊಳಗಿನದು ಹೊಟ್ಟೆಯೊಳಗೇ ಇರಲಿ ಎಂದು ಹಲ್ಲು ಕಚ್ಚಿ ಕೂರುವಳು. ಆಮೇಲೆ ಮತ್ತೆ ಕೆಲಸ.

ಕಡ್ಡಿ ಎನ್ನುವುದು ಚಿಕ್ಕಂದಿನಲ್ಲಿ ಮನೆಯವರು ಇಟ್ಟ ಅಡ್ಡಹೆಸರು. ಈಗ ಅವಳಿಗೆ ನಲವತ್ತೊಂದು, ಮೈಕೈ ತುಂಬಿಕೊಂಡು ಕಡ್ಡಿಯ ಗುರುತೂ ಉಳಿದಿಲ್ಲ, ಆದರೂ ಹೆಸರು ಮಾತ್ರ ಅಂಟಿಕೊಂಡೇ ಇತ್ತು. ಹದಿನೆಂಟು ವರ್ಷದಿಂದ ಅವಳು ಹಲ್ಲಿನ ಸೆಟ್ಟು ಮಾಡುವ ಒಂದು ಲ್ಯಾಬಿನಲ್ಲಿ ದುಡಿಯುತ್ತಿದ್ದಳು. ಹಲ್ಲಿನ ಡಾಕ್ಟರುಗಳು ರೋಗಿಗಳ ವಸಡಿನ ಅಚ್ಚು ತೆಗೆದು ಕಳಿಸಿದರೆ, ಅದರ ಮೇಲೆ ಮೇಣ ಹಾಕಿ, ಹಲ್ಲು ಒಂದೊಂದಾಗಿ ಕೂರಿಸಿ, ಗುಲಾಬಿ ಬಣ್ಣದ ವಸಡು ಬೇಯಿಸಿ ತೆಗೆದು, ಉಜ್ಜಿ ಹೊಳಪು ಕೊಡುವ ಕೆಲಸ. ರಿಪೇರಿಗೆ ಬರುವ ಹಳೇ ಸೆಟ್ಟುಗಳೂ ಇರುತ್ತಿದ್ದವು. ಅವುಗಳ ಸಂದಿಯಲ್ಲಿ ಯಾರ್ಯಾರದೋ ಊಟ ಒಣಗಿ ಕೂತಿರುತ್ತಿತ್ತು. ಹೊಸದಾಗಿ ಸೇರಿದವರು ಅದನ್ನು ನೋಡಿ ಮೂಗು ಮುಚ್ಚಿಕೊಂಡು ಓಡಿದರೆ ಕಡ್ಡಿಗೆ ನಗು ಬರುತ್ತಿತ್ತು. ಬ್ರಶ್ಶು ತಗೊಂಡು, ಸೋಪುನೀರಲ್ಲಿ ಅದ್ದಿ, ಮಗುವಿನ ಕಿವಿ ತೊಳೆದ ಹಾಗೆ ತೊಳೆಯುವಳು. ಹೇಸಿಗೆ ಎನ್ನುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಎಂಟು ತಿಂಗಳ ಹಿಂದೆ ಅವಳಿಗೆ ಏನೋ ಆಯಿತು. ಏನಾಯಿತು ಎಂದು ಕೇಳಿದರೆ ಹೇಳಲು ಏನೂ ಇರಲಿಲ್ಲ, ಅದೇ ಕಷ್ಟ. ಯಾರೂ ಸತ್ತಿರಲಿಲ್ಲ, ಕೆಲಸ ಹೋಗಿರಲಿಲ್ಲ, ಲಿಫ್ಟ್ ರಿಪೇರಿ ಮಾಡುವ ಗಂಡ ಎಂದಿನ ಹಾಗೇ ಸಂಜೆ ಆರಕ್ಕೆ ಗ್ರೀಸ್ ಹತ್ತಿದ ಕೈಯಲ್ಲಿ ಬಂದು, ಎಂದಿನ ಹಾಗೇ ಕಮ್ಮಿ ಮಾತಾಡುತ್ತಿದ್ದ. ಅವಳಿಗೆ ಮಾತ್ರ ಬೆಳಿಗ್ಗೆ ಏಳುವುದೇ ಒಂದು ಕೆಲಸವಾಯಿತು. ತಲೆಗೆ ನೀರು ಹಾಕಿಕೊಳ್ಳಲು ಎದ್ದು ಹೋಗಿ ಬಚ್ಚಲಿನ ಕಲ್ಲಿನ ಮೇಲೆ ಸುಮ್ಮನೆ ಕೂತುಬಿಡುವಳು. ಲ್ಯಾಬಿನಲ್ಲಿ ಮೇಣದ ಮೇಲೆ ಹಲ್ಲು ಜೋಡಿಸುತ್ತಾ, ಈ ನಗು ಯಾರದ್ದು, ಇವರಿಗೆ ನಗಲು ಏನಿದೆ ಎಂದು ಕಣ್ಣೀರು ಸುರಿಸುವಳು. ಮೇಣದ ಮೇಲೆ ನೀರು ಬಿದ್ದರೆ ಹಲ್ಲು ನಿಲ್ಲುವುದಿಲ್ಲ. ಲ್ಯಾಬಿನ ಯಜಮಾನರು ಎರಡು ಸಲ ನೋಡಿಯೂ ನೋಡದವರ ಹಾಗಿದ್ದರು. ಮೂರನೇ ಸಲ, "ಒಂದು ಸಲ ಯಾರಿಗಾದ್ರೂ ತೋರಿಸ್ಕೊಳ್ಳಮ್ಮ," ಎಂದರು.

ಅದನ್ನು ಅವಳು ಅಕ್ಕನಿಗೆ ಹೇಳಿದಳು. ಹೇಳಬಾರದಿತ್ತು.

ಅಕ್ಕ ಇವಳಿಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಬಹಳ ವರ್ಷ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದು ಹಾಗೇ ಹೋದಮೇಲೆ, ಕಡ್ಡಿಗೆ ಜಡೆ ಹಾಕಿದ್ದು, ಸ್ಕೂಲಿಗೆ ಸೇರಿಸಿದ್ದು, ಮದುವೆ ಮಾಡಿದ್ದು ಎಲ್ಲ ಅಕ್ಕನೇ. ಹಾಗಾಗಿ ಅಕ್ಕನ ಮಾತಿಗೆ ಇಲ್ಲ ಅನ್ನುವ ಅಭ್ಯಾಸ ಅವಳಿಗೆ ಬಂದೇ ಇರಲಿಲ್ಲ. ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅಕ್ಕ ಈಗ ಎರಡು ವರ್ಷದಿಂದ ಅಂಗಡಿ ಮುಚ್ಚಿ ಒಂದು ಕಂಪನಿಯ ವಿಟಮಿನ್ ಮಾರುತ್ತಿದ್ದಳು. ಯಾರೋ ಇವಳನ್ನು ಸೇರಿಸಿದ್ದರು, ಇವಳು ಇನ್ಯಾರನ್ನೋ ಸೇರಿಸುತ್ತಿದ್ದಳು. ನೆಂಟರಿಷ್ಟರು ಫೋನಿನಲ್ಲಿ ಇವಳ ಹೆಸರು ಕಂಡರೆ ಎತ್ತುತ್ತಿರಲಿಲ್ಲ.

ಮಾರನೇ ಬೆಳಿಗ್ಗೆಯೇ ಅಕ್ಕ ಬಂದಳು. ಅಡುಗೆಮನೆಯ ಕಟ್ಟೆಯ ಮೇಲೆ ಐದು ಬಾಟಲಿ ಸಾಲಾಗಿ ಇಟ್ಟಳು.

"ನಿನಗಾಗಿರೋದು ಖಿನ್ನತೆನೂ ಅಲ್ಲ ಗಿನ್ನತೆನೂ ಅಲ್ಲ ಕಣೇ ಕಡ್ಡಿ. ಮೈಯಲ್ಲಿ ಸತ್ವ ಇಲ್ಲ, ಅಷ್ಟೇ. ಗಿಡಕ್ಕೆ ಗೊಬ್ಬರ ಇಲ್ಲದಿದ್ರೆ ಬಾಡಲ್ವಾ, ಹಾಗೆ."

"ಯಜಮಾನ್ರು ಡಾಕ್ಟರಿಗೆ ತೋರಿಸು ಅಂದ್ರು."

"ಅಮ್ಮನ್ನ ತೋರಿಸಿದ್ವಲ್ಲ. ಏನಾಯ್ತು? ಜೊಲ್ಲು ಸುರಿಸಿಕೊಂಡು ಬಂದು ಮಲಗಿದ್ಲು. ನಿನ್ನನ್ನ ಆ ಮನೆಹಾಳು ಮಾತ್ರೆಗೆ ಬಿಡಲ್ಲ ನಾನು. ಬಾಯಿ ತೆಗಿ."

ಒಟ್ಟು ಏಳು ಮಾತ್ರೆ. ಎರಡು ಮೀನೆಣ್ಣೆ, ಎರಡು ವಿಟಮಿನ್ ಡಿ, ಒಂದು ಹಳದಿ, ಒಂದು ಕೆಂಪು, ಒಂದು ಕುದುರೆಗೆ ಕೊಡುವಷ್ಟು ದೊಡ್ಡ ಬೂದುಬಣ್ಣದ್ದು. ಅಕ್ಕ ದಿನಾ ಏಳೂವರೆಗೆ ಬರುವಳು, ಎದುರಿಗೆ ನಿಂತು ನುಂಗಿಸುವಳು, ನಾಲಿಗೆ ಎತ್ತಿಸಿ ಕೆಳಗೆ ಉಳಿದಿದೆಯಾ ಎಂದು ನೋಡುವಳು. ದಿನವೆಲ್ಲ ಊರವರ ಬಾಯಿಯ ಅಚ್ಚು ಹಿಡಿದು ತಿರುಗಿಸಿ ನೋಡುವ ಕಡ್ಡಿಗೆ, ತನ್ನ ಬಾಯಿಯನ್ನು ಇನ್ನೊಬ್ಬರು ಹಾಗೆ ನೋಡುವಾಗ ಮೈಯೆಲ್ಲ ಮುದುಡುತ್ತಿತ್ತು. ಬೂದು ಮಾತ್ರೆ ಗಂಟಲಲ್ಲಿ ಅಡ್ಡಡ್ಡ ನಿಂತು, ಅರ್ಧ ಕರಗಿ, ತುಕ್ಕಿನ ರುಚಿ ಬಿಟ್ಟುಕೊಂಡೇ ಇಳಿಯುತ್ತಿತ್ತು. ಪಾಯಿಖಾನೆಗೆ ಹೋದರೆ ಮೂತ್ರ ಕಣ್ಣು ಕುಕ್ಕುವ ಹಳದಿ, ಪರೀಕ್ಷೆಗೆ ಓದುವವರು ಪುಸ್ತಕದಲ್ಲಿ ಗೆರೆ ಎಳೆಯುವ ಪೆನ್ನಿನ ಹಾಗೆ. ಮಲ ಇದ್ದಿಲಿನ ಹಾಗೆ ಕಪ್ಪು. ಅದನ್ನು ಹೇಳಿದರೆ ಅಕ್ಕ ಸಂತೋಷಪಟ್ಟಳು. "ನೋಡು, ಒಳಗಿನ ಕೊಳೆಯೆಲ್ಲ ಹೋಗ್ತಿದೆ."

ಮೂರನೇ ವಾರ ಒಂದಷ್ಟು ದಿನ ಕಡ್ಡಿಗೆ ಹಗುರ ಅನ್ನಿಸಿದ್ದು ನಿಜ. ಅಕ್ಕ ಮಾತ್ರೆ ನುಂಗಿಸಿ ಸುಮ್ಮನೆ ಹೋಗುತ್ತಿರಲಿಲ್ಲ, ಕೈಹಿಡಿದು ಬೀದಿ ಕೊನೆಯವರೆಗೆ ನಡೆಸಿಕೊಂಡು ಹೋಗುತ್ತಿದ್ದಳು. ಬಾಯಿ ತುಂಬ ಮಾತಾಡುತ್ತಿದ್ದಳು. ಒಂದು ದಿನ ಕಡ್ಡಿ ತಾನಾಗಿಯೇ ತಲೆಸ್ನಾನ ಮಾಡಿದಳು. ಅಂದೇ ಸಂಜೆ ಅಕ್ಕ ಬಂದು ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕೈಗೆ ಒಂದು ಬಾಟಲಿ ಕೊಟ್ಟು, ಫೋನ್ ಎದುರಿಗೆ ಹಿಡಿದಳು.

"ಎರಡು ಮಾತು ಹೇಳು. ಮೊದಲು ಹೇಗಿದ್ದೆ, ಈಗ ಹೇಗಿದ್ದೀಯ."

"ಈಗ ಪರವಾಗಿಲ್ಲ," ಎಂದಳು ಕಡ್ಡಿ.

"ಪರವಾಗಿಲ್ಲ ಅಂದ್ರೆ ಯಾರು ನಂಬ್ತಾರೆ? ಡಾಕ್ಟರ್ ಮಾತ್ರೆ ಎಲ್ಲ ಬಿಟ್ಟೆ, ಇದನ್ನ ತಗೊಂಡೆ, ಪೂರ್ತಿ ಗುಣ ಆಯ್ತು ಅನ್ನು."

"ನಾನು ಡಾಕ್ಟರ ಹತ್ರ ಹೋಗೇ ಇಲ್ಲವಲ್ಲ ಅಕ್ಕ."

"ಹೋಗಿಲ್ಲ ಅಂದ್ರೂ ಬಿಟ್ಟ ಹಾಗೇ ಅಲ್ವಾ. ಹೇಳು, ಬೆಳಕು ಹೋಗ್ತಿದೆ."

ಕಡ್ಡಿ ಹೇಳಿದಳು. ನಗಲಿಲ್ಲ, ಕಣ್ಣೆತ್ತಲೂ ಇಲ್ಲ. ಪಾಠ ಒಪ್ಪಿಸುವವಳ ಹಾಗೆ ಮೂರು ವಾಕ್ಯ ಹೇಳಿ ಬಾಟಲಿಯನ್ನು ಕೆಳಗಿಟ್ಟಳು. ಅಕ್ಕ ಆ ವಿಡಿಯೋವನ್ನು ಎಲ್ಲರೂ ನೋಡುವ ಹಾಗೆ ಫೋನಿನಲ್ಲಿ ಹಾಕಿದಳು. ಮರುದಿನದಿಂದ ವಾಕಿಂಗಿಗೆ ಬರುವುದು ಕಮ್ಮಿ ಮಾಡಿದಳು, ಬೇರೆ ಕಡೆ ಮೀಟಿಂಗುಗಳಿದ್ದವು. ಹದಿನೈದು ದಿನಕ್ಕೆ ಕಡ್ಡಿ ಮತ್ತೆ ಬಚ್ಚಲಿನ ಕಲ್ಲಿನ ಮೇಲೆ ಕೂತಿದ್ದಳು. ಈ ಸಲ ಜೊತೆಗೆ ವಾಕರಿಕೆ ಬೇರೆ. ಆದರೂ ಮಾತ್ರೆ ನುಂಗುತ್ತಲೇ ಇದ್ದಳು. ಗುಣವಾಗಿದೆ ಎಂದು ಊರಿಗೆಲ್ಲ ಹೇಳಿಬಿಟ್ಟಮೇಲೆ ಗುಣವಾಗಿಲ್ಲ ಎಂದು ಯಾರ ಹತ್ತಿರ ಹೇಳುವುದು.

ಒಂದು ಮಂಗಳವಾರ ಮಧ್ಯಾಹ್ನ ಲ್ಯಾಬಿನ ಬಾಗಿಲಿಗೆ ಒಬ್ಬ ಮನುಷ್ಯ ಬಂದ. ಅರವತ್ತರ ಹತ್ತಿರ, ಬಸ್ ಕಂಡಕ್ಟರನ ಯೂನಿಫಾರ್ಮು, ಹೆಗಲಿಗೆ ಚರ್ಮದ ಚೀಲ. ಕರವಸ್ತ್ರದ ಗಂಟು ಬಿಚ್ಚಿ ಕಡ್ಡಿಯ ಮೇಜಿನ ಮೇಲಿಟ್ಟ. ಮೇಲಿನ ಸೆಟ್ಟು, ನಡುವೆ ಸೀಳಿಕೊಂಡು ಎರಡು ತುಂಡಾಗಿತ್ತು. ಸಂದಿಯಲ್ಲಿ ಅನ್ನದ ಅಗುಳು ಕಲ್ಲಾಗಿತ್ತು.

"ನನ್ನ ಹೆಂಡತಿದು. ಗೋಡೆಗೆ ಎಸೆದುಬಿಟ್ಲು. ಡಾಕ್ಟರು ಇಲ್ಲಿಗೇ ಕೊಡಿ ಅಂದ್ರು," ಎಂದ ಕಂಡಕ್ಟರ್. ಕಡ್ಡಿ ಮಾಸ್ಕ್ ಕೆಳಗಿಳಿಸಿ, ತುಂಡುಗಳನ್ನು ಜೋಡಿಸಿ ಬೆಳಕಿಗೆ ಹಿಡಿದಳು. ಅವನು ಅವಳ ಮುಖವನ್ನೇ ನೋಡುತ್ತಾ ನಿಂತ.

"ನೀವೇ ಅಲ್ವಾ ಅದು? ಫೋನಲ್ಲಿ ಬರ್ತೀರಲ್ಲ. ಬಾಟಲಿ ಹಿಡ್ಕೊಂಡು."

ಕಡ್ಡಿ ಮಾಸ್ಕನ್ನು ಮತ್ತೆ ಮೇಲಕ್ಕೆ ಎಳೆದುಕೊಂಡಳು. ಅದನ್ನೇ ಹೌದು ಎಂದು ತಿಳಿದು ಅವನ ಮುಖ ಅರಳಿತು.

"ಒಳ್ಳೇದಾಯ್ತು ಸಿಕ್ಕಿದ್ದು. ನನ್ನವಳಿಗೂ ಇದೇ ಕಾಯಿಲೆ. ಹನ್ನೆರಡು ವರ್ಷದಿಂದ ದಿನಾ ಒಂದು ಮಾತ್ರೆ ತಗೊಳ್ತಿದ್ಲು, ಚೆನ್ನಾಗೇ ಇದ್ಲು. ಮಗ್ಗಿ ಟೀಚರ್ ಅಂದ್ರೆ ಎಲ್ಲರಿಗೂ ಗೊತ್ತು, ಮಕ್ಕಳಿಗೆ ಲೆಕ್ಕ ಹೇಳಿಕೊಡ್ತಿದ್ಲು. ನಿಮ್ಮದನ್ನ ನೋಡಿ ಆ ಮಾತ್ರೆ ಬಿಟ್ಟು ಇದನ್ನ ಶುರು ಮಾಡಿದ್ಲು. ಐದು ವಾರ ಆಯ್ತು. ಈಗ ಉಣ್ಣಲ್ಲ, ಸ್ನಾನ ಇಲ್ಲ, ನಿನ್ನೆ ಹಲ್ಲು ತೆಗೆದು ಎಸೆದ್ಲು. ನಾನು ಬೈದಿಲ್ಲಮ್ಮ, ಕೊಳೆ ಹೋಗುವಾಗ ಹೀಗಾಗುತ್ತೆ ಅಂತ ಬಾಟಲಿ ಮಾರಿದವರು ಹೇಳಿದ್ರಲ್ಲ." ಅವನು ದನಿ ತಗ್ಗಿಸಿದ. "ಒಂದೇ ಒಂದು ಕೇಳ್ತೀನಿ. ನಿಮಗೆ ಎಷ್ಟು ದಿನಕ್ಕೆ ಗುಣ ಕಾಣಿಸ್ತು? ನಾವು ಇನ್ನೂ ಎಷ್ಟು ದಿನ ಕಾಯಬೇಕು?"

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಕಡ್ಡಿ ತುಂಡುಗಳನ್ನು ತನ್ನ ಕಡೆಗೆ ಎಳೆದುಕೊಂಡಳು. "ಸಂಜೆ ಹೊತ್ತಿಗೆ ಮಾಡಿಕೊಡ್ತೀನಿ, ನಾನೇ ಮನೆಗೆ ತಂದುಕೊಡ್ತೀನಿ, ವಿಳಾಸ ಬರೀರಿ," ಎಂದು ಒಂದೇ ಉಸಿರಿಗೆ ಹೇಳಿದಳು. ಅವನು ಬರೆದುಕೊಟ್ಟು ಕೈಮುಗಿದು ಹೋದ. ಅವನು ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ಅವಳು ತೊಟ್ಟಿಗೆ ಬಾಗಿ ವಾಂತಿ ಮಾಡಿದಳು. ಹಳದಿ ನೀರು, ಎಣ್ಣೆಯ ಜಿಡ್ಡು, ಇನ್ನೂ ಕರಗದ ಬೂದು ಮಾತ್ರೆಯ ಅರ್ಧ. ಬಾಯಿ ತೊಳೆದುಕೊಂಡು ಕನ್ನಡಿ ನೋಡಿದರೆ ಅಲ್ಲಿದ್ದದ್ದು ಅದೇ ಮುಖ, ಕಿಟಕಿಯ ಬೆಳಕಿಗೆ ಕೂತು ಸುಳ್ಳು ಒಪ್ಪಿಸಿದ ಮುಖ. ಹದಿನೆಂಟು ವರ್ಷ ಯಾರ ಎಂಜಲಿಗೂ ಮೂಗು ಮುರಿಯದವಳಿಗೆ ಅಂದು ತನ್ನ ಬಾಯಿ ಕಂಡೇ ಹೇಸಿಗೆಯಾಯಿತು.

ಸೆಟ್ಟನ್ನು ತೊಳೆದು, ಸೀಳಿಗೆ ವಸಡಿನ ಗುಲಾಬಿ ಪುಡಿಯನ್ನು ದ್ರವದಲ್ಲಿ ಕಲಸಿ ತುಂಬಿ, ಒತ್ತಡದ ಪಾತ್ರೆಯಲ್ಲಿ ಗಟ್ಟಿಯಾಗಲು ಇಟ್ಟು, ಯಜಮಾನರಿಗೆ ಒಂದು ಮಾತು ಹೇಳಿ ಅವಳು ಅಕ್ಕನ ಮನೆಗೆ ಹೋದಳು. ಅಕ್ಕ ಹಜಾರದಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಾ ಕೂತಿದ್ದಳು. ಮನೆಯೆಲ್ಲ ಅದೇ ಗೋಣಿಚೀಲದ ವಾಸನೆ. ಕಡ್ಡಿ ನಿಂತುಕೊಂಡೇ ಎಲ್ಲ ಹೇಳಿದಳು.

"ಆ ವಿಡಿಯೋ ತೆಗೆದುಹಾಕು ಅಕ್ಕ. ಈಗಲೇ."

"ಕೂತ್ಕೊ ಮೊದಲು. ನೀರು ಕುಡಿ. ಒಬ್ಬರಿಗೆ ಒಗ್ಗಲಿಲ್ಲ ಅಂದ ಮಾತ್ರಕ್ಕೆ..."

"ನನಗೂ ಒಗ್ಗಿಲ್ಲ. ಒಂದು ತಿಂಗಳಾಯ್ತು ಮತ್ತೆ ಹಾಗೇ ಇದ್ದೀನಿ."

ಅಕ್ಕನ ಕೈ ನಿಂತಿತು. "ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ."

ಅಕ್ಕ ಎದ್ದು ಬಂದು ಅವಳನ್ನು ತಬ್ಬಿಕೊಂಡಳು. ಅಕ್ಕನ ಉಸಿರಿನಲ್ಲೂ ಅದೇ ಮೀನಿತ್ತು. ಎಂದರೆ ಇವಳೂ ನುಂಗುತ್ತಿದ್ದಾಳೆ, ಇವಳು ನಂಬಿಯೇ ಮಾಡುತ್ತಿದ್ದಾಳೆ ಎಂದು ಕಡ್ಡಿಗೆ ಆಗ ಹೊಳೆಯಿತು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

"ನೀನೂ ಅಮ್ಮನ ಹಾಗೆ ಮಲಗಿಬಿಡ್ತೀಯೇನೋ ಅಂತ ಎಷ್ಟು ಹೆದರಿದ್ದೆ ಗೊತ್ತಾ," ಎಂದಳು ಅಕ್ಕ. ಕಣ್ಣಲ್ಲಿ ನೀರಿತ್ತು. ಅದನ್ನು ಒರೆಸಿಕೊಳ್ಳುವ ಮೊದಲೇ, "ಆದರೆ ಅದನ್ನ ತೆಗೆಯೋಕೆ ಆಗಲ್ಲ ಕಣೇ. ಹದಿನಾರು ಸಾವಿರ ಜನ ನೋಡಿದ್ದಾರೆ. ನನ್ನದರಲ್ಲಿ ಅಷ್ಟು ಓಡಿದ್ದು ಅದೊಂದೇ," ಎಂದಳು. ದನಿಯಲ್ಲಿ ತಂಗಿಗೆ ಮೊದಲ ಬಹುಮಾನ ಬಂದಾಗಿನ ಹೆಮ್ಮೆಯೇ ಇತ್ತು.

ಕಡ್ಡಿ ಆ ತೋಳುಗಳನ್ನು ಬಿಡಿಸಿಕೊಂಡಳು. ತನ್ನನ್ನು ಬೆಳೆಸಿದ ತೋಳುಗಳು. ಅವು ಮೈಗೆ ತಾಕಿದ ಕಡೆಯೆಲ್ಲ ಜಿಡ್ಡು ಮೆತ್ತಿದ ಹಾಗನ್ನಿಸಿ, ಮೆಟ್ಟಿಲಿಳಿಯುವಾಗ ಸೆರಗಿನಿಂದ ಕತ್ತು ಒರೆಸಿಕೊಂಡಳು.

ಸಂಜೆ ಹಲ್ಲಿನ ಡಬ್ಬಿ ಹಿಡಿದು ಕಂಡಕ್ಟರನ ಮನೆಗೆ ಹೋದಳು. ಎರಡನೇ ಮಹಡಿ, ಎರಡೇ ಕೋಣೆ. ಕಂಡಕ್ಟರ್ ಕುರ್ಚಿ ಒರೆಸಿ ಕೂರಿಸಿದ. ಹಾಸಿಗೆಯ ಮೇಲೆ ಮಗ್ಗಿ ಟೀಚರ್ ಮಲಗಿದ್ದರು. ಕೂದಲು ಗಂಟುಗಂಟಾಗಿತ್ತು, ಹಲ್ಲಿಲ್ಲದೆ ಕೆನ್ನೆ ಒಳಗೆ ಹೋಗಿತ್ತು, ಕೋಣೆಯಲ್ಲಿ ತೊಳೆಯದ ಮೈಯ ವಾಸನೆ. ಕಿಟಕಿಯ ಮೇಲೆ ಅವೇ ಐದು ಬಾಟಲಿ.

"ನಾನು ಹೇಳಿದ್ದು ಸುಳ್ಳು," ಎಂದಳು ಕಡ್ಡಿ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. "ನನಗೆ ಗುಣ ಆಗಿಲ್ಲ. ನಾನು ಡಾಕ್ಟರ್ ಮಾತ್ರೆ ಬಿಟ್ಟಿದ್ದೂ ಸುಳ್ಳು, ನಾನು ಯಾವತ್ತೂ ತಗೊಂಡೇ ಇರಲಿಲ್ಲ. ಅಕ್ಕ ಹೇಳಿಸಿದ್ಲು, ಹೇಳಿದೆ. ನಿಮ್ಮ ಮಾತ್ರೆ ನೀವು ಬಿಡಬಾರದಿತ್ತು."

ಕಂಡಕ್ಟರ್ ನಿಂತಲ್ಲೇ ನಿಂತ. ಟೀಚರ್ ಮೊಣಕೈ ಊರಿ ಎದ್ದು ಕೂತರು.

"ಬೇರೆ ವಿಡಿಯೋದವರೆಲ್ಲ ನಗ್ತಾ ಹೇಳ್ತಿದ್ರು," ಎಂದರು. ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲುತ್ತಿತ್ತು. "ಹಲ್ಲು ಕಿಸಿದುಕೊಂಡು ಹೇಳೋರನ್ನ ನಾನು ನಂಬಲ್ಲ. ನೀನು ನಗಲಿಲ್ಲ. ಇವಳು ಇದನ್ನ ಕಂಡವಳು ಅಂದ್ಕೊಂಡೆ. ಅದಕ್ಕೇ ನಂಬಿದೆ."

ಕಡ್ಡಿ ಕುರ್ಚಿಯಿಂದ ಎದ್ದು ನಿಂತಳು.

"ನಿನ್ನನ್ನ ನೋಡಿದ್ರೆ ಅಸಹ್ಯ ಆಗುತ್ತೆ," ಎಂದರು ಟೀಚರ್, ಲೆಕ್ಕದ ಉತ್ತರ ಹೇಳಿದಷ್ಟೇ ಶಾಂತವಾಗಿ. "ಹಲ್ಲು ಕೊಡು."

ಕಡ್ಡಿ ಡಬ್ಬಿ ತೆರೆದು ಕೊಟ್ಟಳು. ಅವರು ಅದನ್ನು ಬೆರಳಿನಿಂದ ಸವರಿ, ಸೀಳಿದ್ದ ಕಡೆ ಗೆರೆ ಕಾಣುತ್ತದೆಯೇ ನೋಡಿ, ಬಾಯಿಗೆ ಹಾಕಿಕೊಂಡು ಕಚ್ಚಿದರು. ಮುಖಕ್ಕೆ ಆಕಾರ ಬಂತು. ಗಂಡನ ಕಡೆ ತಿರುಗಿ, "ನಾಳೆ ಡಾಕ್ಟರ ಹತ್ರ ಹೋಗೋಣ," ಎಂದರು. ಮತ್ತೆ ಕಡ್ಡಿಯ ಕಡೆ ನೋಡಿ, "ನೀನೂ ಬಾ. ಕ್ಷಮೆ ಕೇಳೋಕಲ್ಲ. ನಿನಗೂ ಇದೆಯಲ್ಲ, ಬಾ. ಒಂಬತ್ತು ಗಂಟೆಗೆ."

ಮರುದಿನ ಒಂಬತ್ತಕ್ಕೆ ಅವಳು ಹೋದಳು. ಗಂಡನೂ ಕೆಲಸಕ್ಕೆ ರಜಾ ಹಾಕಿ ಜೊತೆಗೆ ಬಂದ. ಅವನಿಗೆ ಹಿಂದಿನ ರಾತ್ರಿ ಎಲ್ಲ ಹೇಳಿದ್ದಳು. "ಮೊದಲೇ ಹೇಳಬಾರದಿತ್ತಾ," ಎಂದವನು ತಕ್ಷಣ, "ನಾನೇ ಕೇಳಬೇಕಿತ್ತು ಬಿಡು," ಎಂದಿದ್ದ. ಡಾಕ್ಟರ್ ಒಬ್ಬ ಗಿಡ್ಡ ಹೆಂಗಸು, ಮೇಜಿನ ಮೇಲೆ ತಣ್ಣಗಾದ ಟೀ. ಟೀಚರ್ ಒಳಗೆ ಬಹಳ ಹೊತ್ತು ಇದ್ದು ಹೊರಗೆ ಬಂದರು. ಹಳೇ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಶುರು ಮಾಡಬೇಕು, ವಾರಕ್ಕೊಮ್ಮೆ ಬಂದು ತೋರಿಸಬೇಕು. ಕಡ್ಡಿಯ ಬಾಟಲಿಗಳ ಚೀಟಿಯನ್ನು ಡಾಕ್ಟರ್ ಒಂದೊಂದಾಗಿ ಓದಿ, ರಕ್ತ ತೆಗೆಸಿದರು. ಎರಡು ದಿನ ಬಿಟ್ಟು ವರದಿ ಬಂತು.

"ಡಿ ವಿಟಮಿನ್ ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಆಗಿದೆ. ವಾಕರಿಕೆ ಅದರಿಂದಲೇ ಇರಬಹುದು, ಇವತ್ತೇ ನಿಲ್ಲಿಸಿ. ಹೀಗೇ ಬಿಟ್ಟಿದ್ರೆ ಮೂತ್ರಪಿಂಡಕ್ಕೆ ತೊಂದರೆ ಆಗ್ತಿತ್ತು. ಬೂದು ಮಾತ್ರೆಯಲ್ಲಿರೋ ಕಬ್ಬಿಣ ನಿಮಗೆ ಬೇಕಾಗೇ ಇರಲಿಲ್ಲ. ಆದರೆ ಬಿ ಹನ್ನೆರಡು ನಿಜವಾಗ್ಲೂ ಕಮ್ಮಿ ಇದೆ."

"ಹಳದಿ ಮಾತ್ರೆಯಲ್ಲಿ ಅದಿತ್ತಲ್ಲ."

"ಒಂಚೂರು ಇದೆ. ನಿಮಗೆ ಅದು ಸಾಲದು, ಇಂಜೆಕ್ಷನ್ ಬೇಕು. ಅದು ಕಮ್ಮಿ ಇದ್ರೂ ಮನಸ್ಸು ಮಂಕಾಗುತ್ತೆ. ಆದರೆ ನಿಮ್ಮದು ಪೂರ್ತಿ ಅದರಿಂದಲೇ ಅಂತ ನಾನು ಹೇಳಲ್ಲ. ಮನಸ್ಸಿಗೆ ಬೇರೆ ಔಷಧಿ ಕೊಡ್ತೀನಿ, ಬಂದು ಮಾತಾಡಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ."

ಅಕ್ಕ ಹೇಳಿದ್ದರಲ್ಲಿ ಒಂದು ಚೂರು ನಿಜವಿತ್ತು ಎನ್ನುವುದು ಕಡ್ಡಿಗೆ ಎಲ್ಲಕ್ಕಿಂತ ಹೆಚ್ಚು ಅಸಹ್ಯ ತರಿಸಿತು. ಪೂರ್ತಿ ಸುಳ್ಳಾಗಿದ್ದರೆ ಉಗಿದು ಎದ್ದುಹೋಗಬಹುದಿತ್ತು. ಹಾಲಿಗೆ ಬಿದ್ದ ನೊಣವನ್ನಾದರೂ ತೆಗೆದು ಎಸೆಯಬಹುದು; ಇಲ್ಲಿ ಹಾಲೇ ಒಂದು ತೊಟ್ಟು, ಉಳಿದದ್ದೆಲ್ಲ ನೊಣ.

ಆ ಭಾನುವಾರ ಅವಳು ಲ್ಯಾಬಿನ ಮೇಜಿನ ಮುಂದೆ ಕೂತು ತನ್ನ ಫೋನಿನಲ್ಲೇ ಇನ್ನೊಂದು ವಿಡಿಯೋ ಮಾಡಿದಳು. ಏನಾಯಿತೋ ಅದನ್ನು ಹೇಳಿದಳು, ರಕ್ತದ ವರದಿ ತೋರಿಸಿದಳು, ಡಾಕ್ಟರನ್ನು ಕೇಳದೆ ಯಾರೂ ಮಾತ್ರೆ ಬಿಡಬೇಡಿ ಎಂದಳು. ಅಕ್ಕನ ಹೆಸರು ಎತ್ತಲಿಲ್ಲ. ಅದನ್ನು ನೋಡಿದವರು ಇನ್ನೂರ ಮೂವತ್ತು ಜನ. ಅದರಲ್ಲಿ ಹತ್ತೆಂಟು ಜನ ಕಂಪನಿಯ ಕಡೆಯವರೇ ಬಂದು ಬೈದುಹೋದರು. ಅಕ್ಕ ಫೋನ್ ಮಾಡಿ, "ನನ್ನ ಅನ್ನಕ್ಕೆ ಮಣ್ಣು ಹಾಕಿದೆ," ಎಂದು ಇಟ್ಟಳು. ಹಳೇ ವಿಡಿಯೋ ಕೊನೆಗೂ ಹೋಯಿತು. ಇವಳು ಕೇಳಿದ್ದಕ್ಕಲ್ಲ, ಕಂಪನಿಯವರು ಬಾಟಲಿಯ ಚೀಟಿ ಬದಲಾಯಿಸಿದರು, ಹಳೇ ಚೀಟಿ ಕಾಣುವುದನ್ನೆಲ್ಲ ತೆಗೆಯಬೇಕೆಂದು ಅವರೇ ಹೇಳಿದರಂತೆ.

ಮಗ್ಗಿ ಟೀಚರ್ ಸುಧಾರಿಸಿಕೊಳ್ಳಲು ಮೂರು ತಿಂಗಳು ಬೇಕಾಯಿತು. ಪೂರ್ತಿ ಮೊದಲಿನ ಹಾಗಾದರು ಎಂದು ಹೇಳಲಾಗದು, ಎರಡು ಮಕ್ಕಳಿಗೆ ಮಾತ್ರ ಲೆಕ್ಕ ಹೇಳಿಕೊಡುತ್ತಿದ್ದರು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕಡ್ಡಿ ಸಿಕ್ಕರೆ ಪಕ್ಕದಲ್ಲೇ ಕೂರುವರು. ಕ್ಷಮಿಸಿದೆ ಎಂದು ಒಂದು ದಿನವೂ ಹೇಳಲಿಲ್ಲ. "ನಿದ್ದೆ ಬಂತಾ?" ಎಂದು ಕೇಳುವರು, ಇವಳು ಹೇಳುವಳು. ಅಷ್ಟೇ. ಕಡ್ಡಿಗೂ ದಿನಗಳು ಸ್ವಲ್ಪ ಸ್ವಲ್ಪವೇ ನಿಲುಕಿಗೆ ಬಂದವು. ತಲೆಸ್ನಾನ ಒಂದು ದೊಡ್ಡ ಸಂಗತಿ ಅನ್ನಿಸದ ಒಂದು ವಾರ ಬಂತು, ಅವಳು ಅದನ್ನು ಗಮನಿಸಿದ್ದೂ ಆಮೇಲೆ.

ಔಷಧಿ ಶುರುವಾದ ಐದನೇ ತಿಂಗಳಲ್ಲಿ ಒಂದು ಸಂಜೆ ಅಕ್ಕ ಬಂದಳು. ಕೈಯಲ್ಲಿ ಬಾಟಲಿಗಳ ಬ್ಯಾಗು ಇರಲಿಲ್ಲ. ಬಾಗಿಲಲ್ಲೇ ನಿಂತು ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಮುಖಕ್ಕೆ ಕಳೆ ಬಂದಿದೆ ಕಣೇ."

"ಬಾ ಒಳಗೆ."

ಅಕ್ಕ ಸೋತುಹೋಗಿದ್ದಳು. ಮೊದಲಿನ ಗತ್ತು ಇರಲಿಲ್ಲ. ಇಬ್ಬರೂ ಅಡುಗೆಮನೆಯಲ್ಲಿ ಕೂತು ನೆಂಟರ ವಿಷಯ, ಹೊಲಿಗೆ ಮೆಷಿನ್ನಿನ ವಿಷಯ ಮಾತಾಡಿದರು. ಅಮ್ಮನಿಗೂ ಇದೇ ಇತ್ತೇನೋ ಎಂದು ಕಡ್ಡಿ ಹೇಳಿದಾಗ ಅಕ್ಕ ತಲೆ ತಗ್ಗಿಸಿ, "ಇತ್ತೇನೋ," ಎಂದಳು. ಒಂದು ಕ್ಷಣ ಕಡ್ಡಿಗೆ ಹಳೆಯ ಅಕ್ಕ ಸಿಕ್ಕ ಹಾಗಾಯಿತು. ಟೀ ಇನ್ನೂ ಅರ್ಧ ಉಳಿದಿತ್ತು. ಅಕ್ಕ ಸೊಂಟದಿಂದ ಫೋನ್ ತೆಗೆದಳು.

"ಒಂದು ಸಣ್ಣದು ಮಾಡೋಣ್ವಾ? ಈಗ ನಿಜವಾಗ್ಲೂ ಚೆನ್ನಾಗಿದ್ದೀಯಲ್ಲ. ಚೆನ್ನಾಗಿದ್ದೀನಿ ಅಂತಷ್ಟೇ ಹೇಳು. ಯಾವುದರಿಂದ ಅಂತ ಹೇಳಲೇಬೇಡ. ಸುಳ್ಳೇನೂ ಆಗಲ್ಲ."

ಕಡ್ಡಿ ಅಕ್ಕನ ಮುಖ ನೋಡಿದಳು. ಬೈಯಲು ಬಾಯಿ ಬರಲಿಲ್ಲ, ಬಾಗಿಲು ತೋರಿಸಲು ಕೈ ಏಳಲಿಲ್ಲ. ಟೀ ಲೋಟವನ್ನು ಅಕ್ಕನ ಕಡೆಗೆ ಸರಿಸಿದಳು.

"ಟೀ ಆರಿಹೋಗುತ್ತೆ ಅಕ್ಕ. ಕುಡಿ," ಎಂದಳು.

ಅಕ್ಕ ಫೋನ್ ಒಳಗಿಟ್ಟು ಟೀ ಕುಡಿದಳು. ಹೊರಟಾಗ ಕಡ್ಡಿ ಕೆಳಗಿನ ಗೇಟಿನವರೆಗೆ ಹೋಗಿ ಬಿಟ್ಟು ಬಂದಳು. ಕೈ ಹಿಡಿಯಲಿಲ್ಲ.